ಹಳೇ ಮೇಷ್ಟ್ರ ಕಿಟಕಿಯ ಕೆಳಗೆ

ಆ ಮನೆ ನಮಗೆ ಸಿಕ್ಕಿದ್ದೇ ಬೇರೆ ಯಾರೂ ಅದರಲ್ಲಿರಲು ಒಪ್ಪದೆ ಹೋದದ್ದರಿಂದ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮಳವಳ್ಳಿಯಲ್ಲಿ ಹತ್ತಿದ ಬಸ್ಸು ಕಿರುಗಾವಲಿಗೆ ಮೊದಲೇ ಒಂದು ಆಲದ ಮರದಡಿ ನನ್ನನ್ನೂ ನನ್ನ ಅವ್ವನನ್ನೂ ಇಳಿಸಿ ಹೊಗೆ ಬಿಟ್ಟುಕೊಂಡು ಹೋಯಿತು. ಅಲ್ಲಿಂದ ಗದ್ದೆಯ ಬದುವಿನ ಮೇಲೆ ನಡೆದರೆ ಊರು. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವವರ ಕಡೆಯವರು ಇನ್ನೂ ಆ ಸುತ್ತಿನಲ್ಲಿದ್ದಾರೆ.

ನಾನು ಆಗ ಚಿಕ್ಕವಳು. ಮದುವೆಯಾದ ಮರುವರ್ಷವೇ ಗಂಡ ವಿಷಮಜ್ವರದಲ್ಲಿ ತೀರಿಕೊಂಡಿದ್ದರು. ಅಪ್ಪ ನೆಂಟರ ಮಾತು ಕೇಳದೆ ಮೈಸೂರಿನಲ್ಲಿ ಓದಿಸಿ, ಉಪಾಧ್ಯಾಯಿನಿಯ ತರಬೇತಿ ಕೊಡಿಸಿದರು. ನನಗೆ ಕೆಲಸ ಸಿಕ್ಕಿದ್ದನ್ನು ನೋಡಲು ಅವರೂ ಇರಲಿಲ್ಲ. ಅವ್ವ ಮಾತ್ರ ಜೊತೆಗೆ ಬಂದಳು.

ಊರಿನ ಪಟೇಲರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಡಿಸಿದರು. "ಮನೆ ಅದೆ ಕಣವ್ವ. ಗೋಡೆ ಗಟ್ಟಿ, ಸೂರು ಸೋರಾಕಿಲ್ಲ. ಆದ್ರೆ ಪಕ್ಕದ ಮನೇಲಿ..." ಎಂದು ನಿಲ್ಲಿಸಿದರು.

"ಪಕ್ಕದ ಮನೇಲಿ ಏನು?" ಎಂದಳು ಅವ್ವ.

"ಅಳೇ ಮೇಷ್ಟ್ರು ಅವ್ರೆ. ಈಚಿಗೆ ಬರಾಕಿಲ್ಲ, ನಿಮ್ಗೇನೂ ತೊಂದ್ರೆ ಇಲ್ಲ ಬುಡಿ."

ಯಾವ ತೊಂದರೆ ಎಂದು ನಮಗೆ ಆಮೇಲೆ ತಿಳಿಯಿತು. ಹಳೇ ಮೇಷ್ಟ್ರಿಗೆ ತೊನ್ನು. ಮೊದಲು ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಬಂತಂತೆ, ಆಮೇಲೆ ಬೆರಳುಗಳಿಗೆ, ಆಮೇಲೆ ಎರಡೂ ಕೈಗೆ. ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ಮಗುವಿನ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಮರಳಿನ ಮೇಲೆ ಬರೆಸುವುದು ಅವರ ಪದ್ಧತಿ. ಊರವರಿಗೆ ಹೆದರಿಕೆಯಾದದ್ದು ಆ ಕೈ ಕಂಡು. ದೊಡ್ಡ ರೋಗ, ಕುಷ್ಠ ಎಂದರು ಕೆಲವರು. ಅಲ್ಲ, ಬರೀ ತೊನ್ನು ಎಂದರು ಕೆಲವರು. ಏನಾದರೂ ಇರಲಿ, ನಮ್ಮ ಮಕ್ಕಳ ಕೈ ಮುಟ್ಟುವುದು ಬೇಡ ಎಂದರು ಎಲ್ಲರೂ. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಖಾಲಿ ಶಾಲೆಯಲ್ಲಿ ಕೆಲವು ದಿನ ಕೂತು ನೋಡಿ ಮೇಷ್ಟ್ರು ತಾವೇ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಬೆಳೆಯುತ್ತಿದ್ದ ಮಗಳ ಮದುವೆಗೆ ಅಡ್ಡಿಯಾಗಬಾರದೆಂದು ಅವರ ಹೆಂಡತಿ ಆಕೆಯನ್ನು ಕರೆದುಕೊಂಡು ಮದ್ದೂರಿನ ಅಣ್ಣನ ಮನೆಗೆ ಹೋದರು. ಆ ಶಾಲೆಗೆ ಬರಲು ಯಾವ ಗಂಡಸು ಮೇಷ್ಟ್ರೂ ಮನಸ್ಸು ಮಾಡದೆ ಕೆಲವು ವರ್ಷ ಶಾಲೆ ಮುಚ್ಚಿತ್ತು, ಕೊನೆಗೆ ನನ್ನನ್ನು ಹಾಕಿದರು.

ಅವರು ಕೂರುತ್ತಿದ್ದ ಕುರ್ಚಿ ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ಬಿದ್ದಿತ್ತು. ಮಳೆ ಬಿಸಿಲಿಗೆ ಬೆತ್ತ ಬಿಚ್ಚಿಕೊಂಡಿತ್ತು. ನನಗೆ ಮೇಲಿನ ಕಚೇರಿಯಿಂದ ಬೇರೆ ಕುರ್ಚಿ ಬರುವ ತನಕ ನಿಂತೇ ಪಾಠ ಮಾಡಿದೆ.

ಮೊದಲ ವಾರವೇ ಮಕ್ಕಳ ಆಟ ಕಣ್ಣಿಗೆ ಬಿತ್ತು. ಒಬ್ಬ ಅಂಗೈಗೆ ಸೀಮೆಸುಣ್ಣ ಬಳಿದುಕೊಂಡು ಅಟ್ಟಿಸಿಕೊಂಡು ಬರುವುದು, ಉಳಿದವರು ಓಡುವುದು. ಮುಟ್ಟಿಸಿಕೊಂಡವರು ಆಟದಿಂದ ಹೊರಕ್ಕೆ. "ಬಿಳೀ ಕೈ ಬಂತು ಕಣ್ರಲಾ!" ಎಂದು ಕೂಗುತ್ತಿದ್ದರು. ನಮ್ಮ ಪಕ್ಕದ ಮನೆ ಮುಂದೆ ಹೋಗುವಾಗಲಂತೂ ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿಕೊಂಡು ಒಂದೇ ಓಟ. ದಾಟಿದ ಮೇಲೆ ಥೂ ಎಂದು ಉಗಿದು ಉಸಿರಾಡುತ್ತಿದ್ದರು. ಆ ಮನೆಯ ಕಿಟಕಿ ಸದಾ ಅರ್ಧ ಮುಚ್ಚಿರುತ್ತಿತ್ತು. ಒಳಗಿರುವವರಿಗೆ ಎಲ್ಲಾ ಕೇಳಿಸುತ್ತಿತ್ತು.

ಬೈದು ನೋಡಿದೆ. ನನ್ನೆದುರಿಗೆ ಆಟ ನಿಂತಿತು, ಕೆರೆ ಏರಿಯ ಮೇಲೆ ಮುಂದುವರಿಯಿತು. ಒಂದು ದಿನ ಪಾಠ ಬಿಟ್ಟು ಎಲ್ಲರನ್ನೂ ಹತ್ತಿರ ಕೂರಿಸಿಕೊಂಡೆ.

"ನನ್ನ ಸೋದರತ್ತೆಗೂ ತೊನ್ನು ಇತ್ತು," ಎಂದೆ. "ಕೈ, ಕುತ್ತಿಗೆ, ಕಣ್ಣ ಸುತ್ತ ಎಲ್ಲಾ ಬೆಳ್ಳಗಿತ್ತು. ನಾನು ಅವಳ ತಟ್ಟೆಯಲ್ಲೇ ಉಂಡು ಬೆಳೆದವಳು. ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ದಿನಾ ನನಗೆ ತಲೆ ಬಾಚುತ್ತಿದ್ದವಳು ಅವಳೇ. ನನಗೇನಾದರೂ ಬಂದಿದೆಯೇ ನೋಡಿ. ಅದು ಅಂಟುವ ಕಾಯಿಲೆ ಅಲ್ಲ."

ಮಕ್ಕಳು ನನ್ನ ಮುಖ, ಕೈ, ಕತ್ತು ಎಲ್ಲಾ ನೋಡಿದರು. ಮುಂದಿನ ಸಾಲಿನಲ್ಲಿ ಪಟೇಲರ ಮೊಮ್ಮಗಳು ಕೂತಿದ್ದಳು. ಚುರುಕು ಹುಡುಗಿ, ಸುಮ್ಮನೆ ಒಪ್ಪುವವಳಲ್ಲ. "ತಲೆ ಒಳ್ಗೆ ಇದ್ರೆ ಕಾಣಾಕಿಲ್ವಲ್ಲ ಅಮ್ಮಾವ್ರೆ," ಎಂದಳು. ನಾನು ತುರುಬು ಬಿಚ್ಚಿ ತಲೆ ಬಗ್ಗಿಸಿ ತೋರಿಸಿದೆ. ಆಕೆ ಎದ್ದು ಬಂದು ಬೆರಳಿಂದ ಕೂದಲು ಸರಿಸಿ ನೋಡಿ, "ಇಲ್ಲ ಕಣ್ರೋ," ಎಂದು ತೀರ್ಪು ಕೊಟ್ಟಳು. ಅಲ್ಲಿಂದ ಆಟ ನಿಂತಿತು. ಆದರೂ ಎಷ್ಟೋ ದಿನ ಅವರು ಬೆಳಿಗ್ಗೆ ಬೆಳಿಗ್ಗೆ ನನ್ನ ತುಟಿಯ ಅಂಚನ್ನು ಕಳ್ಳಗಣ್ಣಿನಿಂದ ನೋಡುವುದು ಗೊತ್ತಾಗುತ್ತಿತ್ತು.

ಗೆದ್ದೆನೆಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದೆ. "ಅವರು ನಿಮ್ಮ ಅಣ್ಣಂದಿರಿಗೆ ವಿದ್ಯೆ ಕೊಟ್ಟವರು. ಅವರ ಮನೆ ಮುಂದೆ ಹೋಗುವಾಗ ನಮಸ್ಕಾರ ಹೇಳಿ ಹೋಗಿ," ಎಂದೆ. ಮಾರನೆಯ ದಿನದಿಂದ ಹಿಂಡು ಹಿಂಡಾಗಿ ಬಂದು ಮುಚ್ಚಿದ ಬಾಗಿಲಿಗೆ ಕೈ ಮುಗಿದು, "ನಮಸ್ಕಾರ ಮೇಷ್ಟ್ರೇ!" ಎಂದು ರಾಗವಾಗಿ ಕೂಗತೊಡಗಿದರು. ಮೊದಲ ದಿನ ಅರ್ಧ ತೆರೆದಿದ್ದ ಕಿಟಕಿ ಆಮೇಲೆ ಪೂರ್ತಿ ಮುಚ್ಚಿಕೊಂಡಿತು.

ನಮ್ಮಿಬ್ಬರ ಹಿತ್ತಿಲಿಗೂ ನಡುವೆ ಒಂದು ಮಣ್ಣಿನ ಮೋಟುಗೋಡೆ. ನಾನು ಒಂಟಿ ಹೆಂಗಸು, ಅವರು ಒಂಟಿ ಗಂಡಸು. ನೇರವಾಗಿ ಮಾತಾಡುವುದು ಸಾಧ್ಯವೇ ಇರಲಿಲ್ಲ. ಅವ್ವ ಮಾತ್ರ ಆಗಾಗ ಗೋಡೆಯ ಮೇಲೆ ಮಜ್ಜಿಗೆಯನ್ನೋ ಸೊಪ್ಪಿನ ಸಾರನ್ನೋ ಇಟ್ಟು ಬರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ ಅವರು ಅವ್ವನೊಡನೆ ಆಡಿದ ಮಾತು ಕೇಳಿಸಿತು. ನನಗೆ ಕೇಳಲೆಂದೇ ಆಡಿದ್ದಿರಬೇಕು.

"ಅಮ್ಮ, ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಮಕ್ಕಳು ಮೊದಲು ಓಡಿಹೋಗುತ್ತಿದ್ದರು. ಅದು ನನಗೆ ಅಭ್ಯಾಸವಾಗಿತ್ತು. ಈಗ ನಿಂತು ಕೈ ಮುಗಿಯುತ್ತಾರೆ. ಇದು ಅದಕ್ಕಿಂತ ಕಷ್ಟ. ನಾನು ಗುಡಿಯಲ್ಲ. ನನ್ನನ್ನು ಪಾಠ ಮಾಡಬೇಡಿ ಅಂತ ಹೇಳಿ."

"ಒಳ್ಳೇದುಕ್ಕೇ ಏಳವ್ಳೆ ಮೇಷ್ಟ್ರೇ, ತಪ್ ತಿಳ್ಕಬೇಡಿ," ಎಂದಳು ಅವ್ವ.

"ಗೊತ್ತು ಅಮ್ಮ. ಒಳ್ಳೆಯದಕ್ಕೇ ಅಂತ ಗೊತ್ತಿರೋದರಿಂದಲೇ ಹೇಳ್ತಾ ಇದೀನಿ."

ಮುಖಕ್ಕೆ ನೀರು ಎರಚಿದಂತಾಯಿತು. ಮತ್ತೆ ಮಕ್ಕಳನ್ನು ಕೂರಿಸಿಕೊಂಡು, ನಮಸ್ಕಾರವೂ ಬೇಡ, ಓಟವೂ ಬೇಡ, ಬೇರೆ ಯಾವುದೇ ಮನೆಯ ಮುಂದೆ ಹೋಗುವ ಹಾಗೆ ಹೋಗಿ ಎಂದೆ. ಅವರಿಗೆ ಅತ್ಯಂತ ಕಷ್ಟವಾದ ಪಾಠ ಅದೇ. ಬೇರೆ ಮನೆಯ ಮುಂದೆ ಹೇಗೆ ಹೋಗುತ್ತೇವೆ ಎಂದು ಯಾರಿಗೂ ಗೊತ್ತಿಲ್ಲ. ಒಬ್ಬ ತೀರಾ ನಿಧಾನವಾಗಿ ಮದುಮಗನ ಹಾಗೆ ನಡೆದ. ಇನ್ನೊಬ್ಬಳು ಬೇಕೆಂದೇ ಹಾಡಿಕೊಂಡು ಹೋದಳು. ಪಟೇಲರ ಮೊಮ್ಮಗಳು, "ಮಾತಾಡ್ಕಂಡು ಓಗಣ ಕಣ್ರೇ, ಆಗ ಗ್ಯಾನ ಇರಾಕಿಲ್ಲ," ಎಂದು ದಾರಿ ಹುಡುಕಿದಳು. ಹಾಗೆ ಮಾತಾಡಿಕೊಂಡು ಹೋಗುತ್ತಾ ಹೋಗುತ್ತಾ ನಿಜವಾಗಿಯೇ ಮರೆತರು. ಕಿಟಕಿ ಮತ್ತೆ ಅರ್ಧ ತೆರೆಯಿತು.

ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹೊತ್ತು ಮುಳುಗಿದರೆ ಮನೆಗಳಲ್ಲಿ ಓದಲು ಬೆಳಕಿಲ್ಲ. ಶಾಲೆ ಬಿಟ್ಟ ಮೇಲೆ ಬಿಸಿಲಿರುವ ತನಕ ಕೆಲವರು ನಮ್ಮ ಜಗಲಿಯ ಮೇಲೆ ಕೂತು ಮಗ್ಗಿ ಉರುಹೊಡೆಯುತ್ತಿದ್ದರು. ಒಂದು ಸಂಜೆ ಪಟೇಲರ ಮೊಮ್ಮಗಳು ಮುಕ್ಕಾಲು ಮಗ್ಗಿ, ಅಂದರೆ ಒಂದೊಂದು ಸಂಖ್ಯೆಯ ಮುಕ್ಕಾಲು ಭಾಗದ ಮಗ್ಗಿ, ಹೇಳಿಸುತ್ತಿದ್ದಳು. "ಹದಿಮೂರು ಮುಕ್ಕಾಲು ಹತ್ತೂಕಾಲು," ಎಂದಳು. ಉಳಿದವರೂ ಹತ್ತೂಕಾಲು ಎಂದು ಕೂಗಿದರು.

"ಒಂಬತ್ತೂ ಮುಕ್ಕಾಲು."

ಪಕ್ಕದ ಕಿಟಕಿಯೊಳಗಿಂದ ಬಂದ ದನಿ. ಒಳಗೆ ಅಕ್ಕಿ ಆರಿಸುತ್ತಿದ್ದ ನಾನು ಕೈ ನಿಲ್ಲಿಸಿದೆ. ಮಕ್ಕಳು ಎದ್ದು ಓಡುತ್ತಾರೆಂದುಕೊಂಡೆ. ಯಾರೂ ಏಳಲಿಲ್ಲ. ಹುಡುಗಿ ಬೆರಳಲ್ಲಿ ಎಣಿಸಿ ನೋಡಿಕೊಂಡು, "ಊ ಕಣ್ರೋ, ಒಂಬತ್ತೂ ಮುಕ್ಕಾಲೇ," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗದೆಯೇ, "ಅದ್ನಾಕು ಮುಕ್ಕಾಲು?" ಎಂದು ಕೇಳಿದಳು.

"ಹತ್ತೂವರೆ. ನೀನು ಹೇಳು, ಹದಿನೈದು?"

ಹಾಗೆ ಶುರುವಾಯಿತು. ದಿನ ಕಳೆದಂತೆ ಮಕ್ಕಳು ನಮ್ಮ ಜಗಲಿಯಿಂದ ಅವರ ಜಗಲಿಗೆ ಸರಿದು ಕಿಟಕಿಯ ಕೆಳಗೆ ಸಾಲಾಗಿ ಕೂರತೊಡಗಿದರು. ದನಿ ಮಾತ್ರ ಹೊರಗೆ ಬರುತ್ತಿತ್ತು. ಲೆಕ್ಕ, ಕಾಗುಣಿತ, ಯಾವಾಗಲಾದರೊಮ್ಮೆ ಕತೆ. ಕಿಟಕಿಯೊಳಗೆ ಇಣುಕಬಾರದು ಎಂದು ಪಟೇಲರ ಮೊಮ್ಮಗಳೇ ಕಟ್ಟಳೆ ಮಾಡಿದ್ದಳು. ಒಬ್ಬ ಇಣುಕಲು ಹೋಗಿ ಅವಳ ಕೈಲಿ ತಲೆಗೆ ಮೊಟಕಿಸಿಕೊಂಡ. "ಅವ್ರು ಬಾ ಅಂದವ್ರಾ? ಕರೀದೆ ಯಾಕ್ಲಾ ನೋಡೀಯೆ?" ನಾನು ಕಲಿಸಿದ ಮಾತಲ್ಲ ಅದು. ಒಳಗೆ ಕೂತು ಕೇಳಿಸಿಕೊಳ್ಳುವಾಗ ನನಗೆ ಏನೋ ಒಂದು ನೆಮ್ಮದಿ.

ಊರಲ್ಲಿ ಗುಸುಗುಸು ಎದ್ದಿತು. ಪಟೇಲರೇ ಒಂದು ಸಂಜೆ ಬಂದು ದೂರದಲ್ಲಿ ನಿಂತು ನೋಡಿದರು. ಅವರ ಮೊಮ್ಮಗಳು ಜೋರಾಗಿ ಒಪ್ಪಿಸುತ್ತಿದ್ದಳು. "ಮಾತ್ಗೇನು ಅಂಟು ಇಲ್ವಲ್ಲ, ಓದ್ಕಳ್ಲಿ ಬುಡಿ," ಎಂದು ಜೊತೆಯವರಿಗೆ ಹೇಳಿ ಹೋದರು. ಅಷ್ಟಕ್ಕೇ ನಾನೂ ಅವ್ವನೂ ಆ ದಿನ ಪಾಯಸ ಮಾಡಿದೆವು.

ಮುಂದಿನ ಬೇಸಗೆಯಲ್ಲಿ ಮದ್ದೂರಿನಿಂದ ಮೇಷ್ಟ್ರ ಬಾವಮೈದ ಬಂದರು. ಹೆಂಡತಿಯ ಅಣ್ಣ. ಮಕ್ಕಳು ಎಂದಿನಂತೆ ಕಿಟಕಿಯ ಕೆಳಗೆ ಕೂತಿದ್ದರು. ಆತ ಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಾಗಿಲು ತಟ್ಟಿ ಒಳಗೆ ಹೋದರು. ದೊಡ್ಡ ದನಿಯ ಮನುಷ್ಯ. ನಮಗೂ ಕೇಳಿಸುತ್ತಿತ್ತು.

"ನಿಮ್ ಎಣ್ಣಿಗೆ ಗಂಡು ಗೊತ್ತಾಯ್ತು ಭಾವ. ಒಳ್ಳೆ ಕುಳ, ನೀರಾವರಿ ಜಮೀನು. ಆದ್ರೆ ನೋಡಿ, ನಿಮ್ ಇಸ್ಯ ಗೊತ್ತಾದ್ರೆ ಅವ್ರು ಒಪ್ಪಾಕಿಲ್ಲ. ಅದ್ಕೆ ನೀವು ಮನೆ ಬುಟ್ಟು ಕಾಸಿಗೆ ಓದೋರು ಬರ್ಲಿಲ್ಲ ಅಂತ ಏಳಿದೀವಿ. ಧಾರೆ ನಾವು ಗಂಡ ಎಂಡ್ತಿ ಎರೀತೀವಿ. ನೀವು ಬರ್ಬಾರ್ದು."

ಬಾವಮೈದನೇ ಮತ್ತೆ ಮಾತು ಮುಂದುವರಿಸಿದರು.

"ಪಟೇಲ್ರಿಗೂ ಏಳಿದೀನಿ. ಊರೋರೆಲ್ಲಾ ಒಪ್ಪವ್ರೆ. ಯಾರ್ ಬಂದು ಕೇಳುದ್ರೂ ಇದೇ ಏಳ್ತಾರೆ."

"ಆಯಿತು," ಎಂದರು ಮೇಷ್ಟ್ರು.

ಅವರಿಗೆ ಬಾವಿಯ ಹಗ್ಗ ಮುಟ್ಟಗೊಡದ, ಅವರ ಬಾಗಿಲಿಗೆ ಬಾರದ ಊರು ಒಂದೇ ಮಾತಿನಲ್ಲಿ ನಿಂತು ಮಾಡಿದ ಉಪಕಾರ ಅದೊಂದೇ. ಅದನ್ನು ತಪ್ಪೆನ್ನಲು ನನಗೂ ಬಾಯಿ ಬರಲಿಲ್ಲ. ನನ್ನ ಸೋದರತ್ತೆ ಮದುವೆಯಿಲ್ಲದೆ ಸತ್ತವಳು. ಇಲ್ಲಿ ಹುಡುಗಿಗೆ ತೊನ್ನೂ ಇರಲಿಲ್ಲ, ಅವಳ ಅಪ್ಪನಿಗಿತ್ತು.

ಮಾರನೆಯ ದಿನ ಶಾಲೆಯಲ್ಲಿ ಪಟೇಲರ ಮೊಮ್ಮಗಳು ಎದ್ದು ನಿಂತಳು.

"ಅಮ್ಮಾವ್ರೆ, ಅಂಟಾಕಿಲ್ಲ ಅಂತ ನೀವೇ ಏಳಿದ್ರಿ. ಮತ್ತೆ ಅವ್ರ ಮಗ್ಳು ಮದ್ವೆಗೆ ಅವ್ರು ಯಾಕ್ ಓಗ್ಬಾರ್ದು?"

"ಗಂಡಿನ ಕಡೆಯವರಿಗೆ ಅದು ಗೊತ್ತಿಲ್ಲಮ್ಮ."

"ನಾವ್ ಓಗಿ ಏಳಣ. ಮದ್ದೂರಿಗೆ. ನಿಮ್ ತಲೆ ತೋರ್ಸಿ."

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅವರು ನಂಬದೆ ಹೋದರೆ ಮದುವೆ ಮುರಿಯುತ್ತದೆ, ಒಂದು ಸಲ ಮುರಿದ ಹೆಣ್ಣಿಗೆ ಮತ್ತೆ ಗಂಡು ಸಿಗುವುದಿಲ್ಲ ಎಂದು ಹೇಳಿದೆ. "ನಂಬುದ್ರೆ?" ಎಂದಳು. ನಾನು ಕಪ್ಪು ಹಲಗೆಯ ಕಡೆ ತಿರುಗಿದೆ. ಏನು ಬರೆಯಲು ತಿರುಗಿದೆನೋ ನನಗೇ ಗೊತ್ತಿರಲಿಲ್ಲ.

ಅದಾದ ಕೆಲವು ದಿನಕ್ಕೆ ಗಂಡಿನ ಕಡೆಯಿಂದ ಒಬ್ಬರು ವಿಚಾರಿಸಿಕೊಂಡು ಹೋಗಲು ಬಂದರು. ಹುಡುಗನ ದೊಡ್ಡಪ್ಪನಂತೆ. ಕಂಕುಳಲ್ಲಿ ಕೊಡೆ, ಹೆಗಲ ಮೇಲೆ ಒಗೆದ ವಲ್ಲಿ. ಪಟೇಲರ ಮನೆಯಲ್ಲಿ ಊಟ ಮಾಡಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಮ್ಮ ಜಗಲಿಗೆ ಬಂದು ಕೂತರು. ಅವ್ವ ಬೆಲ್ಲ ನೀರು ಕೊಟ್ಟಳು. ಒಳ್ಳೆಯ ಮನುಷ್ಯ. ಬೆಲ್ಲ ಯಾವ ಆಲೆಮನೆಯದು ಎಂದು ಕೇಳಿದರು, ಮಗಳು ಇಷ್ಟು ಓದಿರುವುದು ಭಾಗ್ಯ ಎಂದು ಅವ್ವನಿಗೆ ಹೇಳಿದರು. ಮಕ್ಕಳು ಪಕ್ಕದ ಜಗಲಿಯ ಮೇಲೆ ಕಿಟಕಿಯ ಕೆಳಗೆ ಕೂತಿದ್ದರು. ಮಗ್ಗಿ ನಿಂತಿತ್ತು.

"ಇದೇನಾ ಮೇಷ್ಟ್ರು ಮನೆ?" ಎಂದರು ಆತ.

"ಊ," ಎಂದಳು ಅವ್ವ.

"ಪಟೇಲ್ರು ಎಲ್ಲಾ ಏಳುದ್ರು. ಆದ್ರೂ ದೊಡ್ಡೋರು ಒಂದ್ ಮಾತ ಮುಚ್ಕಂಡಾರು. ಮಕ್ಳು ಮುಚ್ಚಾಕಿಲ್ಲ." ನಕ್ಕು, ಪಕ್ಕಕ್ಕೆ ತಿರುಗಿದರು. "ಏ ಮಗ, ಈ ಮನೇಲಿ ಯಾರವ್ರೆ?"

ಕೇಳಿದ್ದು ಪಟೇಲರ ಮೊಮ್ಮಗಳನ್ನು. ಅವಳ ತಲೆಯ ಮೇಲೆಯೇ ಅರ್ಧ ತೆರೆದ ಕಿಟಕಿ. ಅದರ ಹಿಂದೆ ಮೇಷ್ಟ್ರು ಉಸಿರು ಹಿಡಿದು ನಿಂತಿದ್ದಾರೆಂದು ನನಗೆ ಗೊತ್ತು, ಆ ಮಕ್ಕಳಿಗೂ ಗೊತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆ ಹೊರೆ ಮಗುವಿನ ಮೇಲೆ ಬೀಳದಿರಲೆಂದು ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಆತ ಕೈ ಎತ್ತಿ, "ನೀವಿರಿ ಕಣವ್ವ, ಮಗ ಏಳ್ಲಿ," ಎಂದರು.

"ಯಾರೂ ಇಲ್ಲ," ಎಂದಳು ಹುಡುಗಿ. "ಮೇಷ್ಟ್ರು ಕಾಸಿಗೆ ಓದ್ರು."

"ಯಾವಾಗ ಓದ್ರು?"

"ನಾನ್ ಚಿಕ್ಕೋಳಾಗಿದ್ದಾಗ. ನಾನ್ ನೋಡೇ ಇಲ್ಲ."

ಕೊನೆಯ ಮಾತು ನಿಜ. ಅವಳು ಅವರನ್ನು ನೋಡಿಯೇ ಇರಲಿಲ್ಲ.

"ಮತ್ತೆ ಇಲ್ಲಿ ಯಾಕ್ ಕುಂತಿದ್ದೀರಿ?"

"ತಣ್ಣಗದೆ ಅಂತ."

ಆತ ಸಮಾಧಾನವಾಗಿ ತಲೆದೂಗಿದರು. ಕೊಡೆ ತೆಗೆದುಕೊಂಡು, ಅವ್ವನಿಗೆ ಕೈ ಮುಗಿದು ಗದ್ದೆಯ ದಾರಿ ಹಿಡಿದರು. ಅವರ ಮುಖ ನೋಡಿದರೆ, ನಿಜ ಹೇಳಿದ್ದರೂ ಒಪ್ಪುತ್ತಿದ್ದರೋ ಏನೋ ಎನಿಸಿತು. ಒಪ್ಪದೆಯೂ ಇರಬಹುದಿತ್ತು. ಪರೀಕ್ಷೆ ಮಾಡಿ ನೋಡುವ ಹಾಗಿರಲಿಲ್ಲ.

ಆತ ಮರೆಯಾಗುವ ತನಕ ಮಕ್ಕಳು ಅಲುಗಲಿಲ್ಲ. ಹುಡುಗಿ ಮೊಣಕಾಲಲ್ಲಿ ಮುಖವಿಟ್ಟು ಅಳುತ್ತಿದ್ದಳು. ದನಿಯೇ ಇಲ್ಲದ ಅಳು, ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ನಾನು ಹೋಗಿ ಹತ್ತಿರ ಕೂತೆ. ಮೈ ಮುಟ್ಟಿದರೆ ಭುಜ ಕೊಡವಿದಳು. ಆಗ ಕಿಟಕಿಯೊಳಗಿಂದ, "ಎಲ್ಲಿಗೆ ನಿಲ್ಲಿಸಿದ್ದಿರಿ?" ಎಂದರು ಮೇಷ್ಟ್ರು.

ಮಕ್ಕಳೆಲ್ಲ ಹುಡುಗಿಯ ಕಡೆ ನೋಡಿದರು.

"ಅಳಬೇಡ ಮಗು. ನನ್ನ ಮಗಳಿಗೆ ಒಳ್ಳೆಯದು ಮಾಡಿದ್ದೀಯ." ಆಮೇಲೆ, "ಹನ್ನೊಂದು ಮುಕ್ಕಾಲು ಎಂಟೂಕಾಲು. ಮುಂದೆ ಹೇಳಿ," ಎಂದರು. ಉಳಿದವರು ಸಣ್ಣ ದನಿಯಲ್ಲಿ ಮುಂದುವರಿಸಿದರು. ಅವಳು ಹೇಳಲಿಲ್ಲ.

ಮದುವೆ ಮದ್ದೂರಿನಲ್ಲಿ ಆಯಿತು. ಆ ಬೆಳಿಗ್ಗೆ ಅವ್ವ ಒಬ್ಬಟ್ಟು ಮಾಡಿ ಹಿತ್ತಿಲ ಗೋಡೆಯ ಹತ್ತಿರ ಹೋದಳು. ಮೇಷ್ಟ್ರು ಸ್ನಾನ ಮಾಡಿ ಮಡಿಪಂಚೆ ಉಟ್ಟು ಅಂಗಳದಲ್ಲಿ ನಿಂತಿದ್ದರಂತೆ. "ಮುಹೂರ್ತ ಆಗಿರಬಹುದೇ ಅಮ್ಮ?" ಎಂದು ಕೇಳಿದರಂತೆ. "ಆಗಿರ್ತದೆ ಕಣಪ್ಪ, ಬಿಸ್ಲು ಇಷ್ಟ್ ಬಂತಲ್ಲ," ಎಂದಳಂತೆ ಅವ್ವ. ಅವರು ತಮ್ಮ ಕೈಯಲ್ಲಿದ್ದ ಅಕ್ಷತೆಯನ್ನು ಬಡಗಣ ದಿಕ್ಕಿಗೆ, ಮದ್ದೂರಿನ ಕಡೆಗೆ ಎರಚಿದರಂತೆ. ಕೆಳಗೆ ಬಿದ್ದ ಕಾಳನ್ನು ಯಾರದೋ ಕೋಳಿಗಳು ಬಂದು ಆರಿಸಿದವು. ಅವ್ವ ಇದನ್ನು ಹೇಳಿ ಒಲೆಯ ಮುಂದೆ ಕೂತವಳು ಆ ದಿನ ಊಟ ಮಾಡಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಗೌರಿ ಹಬ್ಬ ಹತ್ತಿರ ಬರುತ್ತಿದ್ದಂತೆ ಊರಿಗೆ ಹೊಸ ಚಿಂತೆ ಹತ್ತಿತು. ಗಂಡಿನ ಕಡೆಯವರು ಈ ದಾರಿಯಲ್ಲಿ ಓಡಾಡುವವರು. ಯಾವತ್ತಾದರೂ ಒಂದು ದಿನ ಕಣ್ಣಿಗೆ ಬಿದ್ದರೆ? ಪಟೇಲರೂ ಇನ್ನಿಬ್ಬರೂ ಬಂದು ಮೇಷ್ಟ್ರ ಬಾಗಿಲ ಹೊರಗೆ ನಿಂತು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಕಾಶಿಗೆ ಹೋದವರು ಊರಲ್ಲಿರಬಾರದು. ಮೇಷ್ಟ್ರು ಅದಕ್ಕೂ "ಆಯಿತು" ಎಂದರು.

ಈ ಸಲ ನನಗೆ ತಡೆಯಲಾಗಲಿಲ್ಲ. ಪಟೇಲರ ಮನೆಗೆ ಹೋಗಿ, "ಅವರು ಎಲ್ಲಿಗೆ ಹೋಗುತ್ತಾರೆ? ಒಳಗೇ ಇರುವವರು, ಯಾರ ಕಣ್ಣಿಗೆ ಬೀಳುತ್ತಾರೆ?" ಎಂದು ಕೇಳಿದೆ.

ಪಟೇಲರು ಕೆಟ್ಟವರಲ್ಲ. ಎಲೆ ಅಡಿಕೆ ಹಾಕಿಕೊಂಡರು. "ನಂಗೂ ಸಂಕ್ಟ ಆಯ್ತದೆ ಕಣವ್ವ. ಅವ್ರೇ ನನ್ ಮಗಂಗೆ ಅಕ್ಸರ ಕಲ್ಸಿದ್ದು. ಆದ್ರೆ ಆ ಎಣ್ಣು ಬಾಳಾಟ ನೋಡ್ಬೇಕಲ್ಲ." ಆಮೇಲೆ ದನಿ ತಗ್ಗಿಸಿ, "ಇನ್ನೊಂದ್ ಮಾತು. ನೀನು ಒಂಟಿ ಎಂಗ್ಸು. ಪಕ್ಕದ ಮನೆ ಗಂಡಸಿನ ಪರವಾಗಿ ಇಷ್ಟು ಮಾತಾಡ್ಬಾರ್ದು. ನಾನ್ ತಪ್ ತಿಳ್ಯಾಕಿಲ್ಲ. ಊರು ತಿಳೀತದೆ," ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಬುಡು ಮಗ," ಎಂದಳು. "ನಮ್ ಕೈಲಿ ಏನದೆ." ನಿಜವಾಗಿಯೂ ಏನೂ ಇರಲಿಲ್ಲ. ಅವರನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅವರ ಜೊತೆ ಒಂದು ಮಾತಾಡುವ ಹಾಗೂ ಇಲ್ಲ. ಅವ್ವ ದಾರಿಗೆ ಅವಲಕ್ಕಿಯನ್ನೂ ಬೆಲ್ಲವನ್ನೂ ಗಂಟು ಕಟ್ಟಿ ಗೋಡೆಯ ಮೇಲಿಟ್ಟಳು.

ಹೊರಟ ದಿನ ಶಾಲೆಗೆ ರಜೆ. ಮಕ್ಕಳಿಗೆ ಹೇಗೋ ತಿಳಿದು ಬೆಳಗಾಗುತ್ತಲೇ ಬಂದು ಜಗಲಿಯ ಕೆಳಗೆ ನಿಂತಿದ್ದರು. ಬಾಗಿಲು ತೆರೆಯಿತು. ಆ ಮಕ್ಕಳೆದುರಿಗೆ ಮೇಷ್ಟ್ರು ಹೊರಗೆ ಬಂದದ್ದು ಅದೇ ಮೊದಲು. ಎತ್ತರದ ಆಳು, ಬಡಕಲು ಮೈ. ತುಟಿ, ಕಣ್ಣಿನ ಸುತ್ತ, ಎರಡೂ ಕೈ ಬೆಳ್ಳಗೆ. ಬಗಲಲ್ಲಿ ಒಂದು ಚೀಲ. ಅವರು ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರನ್ನೂ ನೋಡಿದರು. ಯಾವ ದನಿ ಯಾರದು ಎಂದು ಮುಖಗಳಲ್ಲಿ ಹುಡುಕುತ್ತಿದ್ದರೆಂದು ಕಾಣುತ್ತದೆ.

ಮಕ್ಕಳು ಅಷ್ಟೂ ಜನ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಹೆದರಿ ಅಲ್ಲ. ನೋಡಬಾರದೆಂದು ಅವರೇ ಮಾಡಿಕೊಂಡಿದ್ದ ಕಟ್ಟಳೆ ಅದು, ಅದನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ತಲೆ ಎತ್ತಿ, ಈಗ ನೋಡಬಹುದು ಎಂದು ಕೂಗಬೇಕೆನಿಸಿತು. ಬೀದಿಯ ಎರಡೂ ಕಡೆ ಜನ ನಿಂತಿದ್ದರು. ಪಟೇಲರು ಹೇಳಿದ ಮಾತು ಕಿವಿಯಲ್ಲಿತ್ತು. ಕೂಗಲಿಲ್ಲ. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಮೆಟ್ಟಿಲಿಳಿದು, ಬಸ್ಸಿನ ರಸ್ತೆಗೆ ಹೋಗದೆ ಕೆರೆಯ ಹಿಂದಿನ ದಾರಿ ಹಿಡಿದು ಹೋದರು.

ಮಕ್ಕಳು ಚೆದುರಿದ ಮೇಲೆ ಪಟೇಲರ ಮೊಮ್ಮಗಳು ನನ್ನ ಹತ್ತಿರ ಬಂದಳು.

"ನಾನ್ ಕಾಸಿಗೆ ಓದ್ರು ಅಂದಿದ್ದುಕ್ಕಾ ಅಮ್ಮಾವ್ರೆ?"

"ಇಲ್ಲಮ್ಮ. ಅದು ದೊಡ್ಡವರು ಮಾಡಿದ್ದು. ನಿನ್ನದೇನೂ ಇಲ್ಲ."

"ನಾನು ಅವ್ರೆ ಅಂತ ಏಳಿದ್ರೆ ಇರ್ತಿದ್ರು."

ಇರುತ್ತಿದ್ದರು, ಮಗಳ ಮದುವೆ ನಿಲ್ಲುತ್ತಿತ್ತು, ಅವರಿಗೆ ಇದಕ್ಕಿಂತ ಹೆಚ್ಚು ನೋವಾಗುತ್ತಿತ್ತು ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನಂಬಿದಳೆಂದು ನನಗೆ ಅನ್ನಿಸಲಿಲ್ಲ. ನನ್ನ ಸೋದರತ್ತೆಯ ಕತೆ ಹೇಳಿದಾಗ ಕೂದಲು ಸರಿಸಿ ನೋಡಿ ತೀರ್ಪು ಕೊಟ್ಟ ಹುಡುಗಿಗೆ ಈಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ವರ್ಷದ ಪರೀಕ್ಷೆಯಾದ ಮೇಲೆ ಅವಳನ್ನು ಶಾಲೆ ಬಿಡಿಸಿದರು. ನನಗೆ ಬೆಳಕವಾಡಿಗೆ ವರ್ಗವಾಯಿತು.

ಕಾಶಿಗೆ ಹೋಗಿ ಬಂದವರನ್ನೆಲ್ಲ ಕೇಳಿದ್ದೇನೆ. ಮೇಷ್ಟ್ರು ಅಲ್ಲಿಗೆ ಹೋದರೆಂದು ನಂಬಲು ಕಾರಣವಿಲ್ಲ, ಆದರೂ ಕೇಳುತ್ತಿದ್ದೆ. ಅವರ ಮಗಳು ಚೆನ್ನಾಗಿ ಬಾಳಿದಳು, ಮಕ್ಕಳಾದವು ಎಂದು ಮದ್ದೂರಿನ ಕಡೆಯವರಿಂದ ತಿಳಿಯಿತು. ಅಪ್ಪ ಎಲ್ಲಿಯ ತನಕ ಆ ಊರಲ್ಲೇ ಇದ್ದರೆಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ತಿಳಿಯೆ. ಅವರ ಮನೆಯ ಸೂರು ಮುಂದಿನ ಮಳೆಗೇ ಕುಸಿಯಿತಂತೆ.

ಸ್ವಾತಂತ್ರ್ಯ ಬಂದ ವರ್ಷ ಮಳವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹುಡುಗಿ ಹತ್ತಿರ ಬಂದು, "ಅಮ್ಮಾವ್ರೆ," ಎಂದಳು. ಪಟೇಲರ ಮೊಮ್ಮಗಳೆಂದು ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಮುಖ ತುಂಬಿಕೊಂಡಿತ್ತು, ಸೆರಗು ಹೊದ್ದಿದ್ದಳು. ಗಂಡನ ಮನೆ ಮಳವಳ್ಳಿಯ ಹತ್ತಿರವಂತೆ. ಅವ್ವ ಹೇಗಿದ್ದಾರೆ ಎಂದು ಕೇಳಿದಳು, ಹೋದ ವರ್ಷ ತೀರಿಕೊಂಡಳು ಎಂದೆ. ಕೂಸಿನ ಕೈಗೆ ಏನಾದರೂ ಕೊಡೋಣವೆಂದು ಚೀಲ ಹುಡುಕಿದರೆ ಒಂದು ಬಾಳೆಹಣ್ಣು ಸಿಕ್ಕಿತು.

"ಮೇಷ್ಟ್ರು ಸುದ್ದಿ ಏನಾರ ಬಂತಾ?" ಎಂದಳು.

"ಇಲ್ಲ ಕಣಮ್ಮ."

ಅವಳು ಇನ್ನೂ ಏನೋ ಕೇಳುವವಳಂತೆ ನಿಂತಿದ್ದಳು. ಅಷ್ಟರಲ್ಲಿ ಬೆಳಕವಾಡಿ ಬಸ್ಸು ಬಂತು, ಜನ ನುಗ್ಗಿದರು. ನಾನು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು ನೋಡುವಷ್ಟರಲ್ಲಿ ಅವಳು ಕೂಸಿಗೆ ಹಣ್ಣು ಸುಲಿದು ಕೊಡುತ್ತಾ ಸಂತೆಯ ಕಡೆ ನಡೆಯುತ್ತಿದ್ದಳು.